ಮೇಷ್ಟ್ರ ಸಹಿಗೆ ಎಷ್ಟು ಬೆಲೆ?

ಬಿ.ಎಡ್. ಅಥವಾ ಡಿ.ಇಎಲ್.ಇಡಿ. ಓದುತ್ತಿರುವವರನ್ನು ಇಂಟರ್ನ್‌ಶಿಪ್‌ಗೆಂದು ತಮ್ಮ ತರಗತಿಗೆ ಬಿಟ್ಟುಕೊಳ್ಳುವ ಮೇಷ್ಟ್ರುಗಳ ದೂರು ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ. ಪ್ರಾರ್ಥನೆ ಮುಗಿದ ಮೇಲೆ ಬರುತ್ತಾರೆ, ಬಾರದ ದಿನ ಒಂದು ಫೋನು ಕೂಡ ಮಾಡುವುದಿಲ್ಲ. ಪಾಠ ಯೋಜನೆಯನ್ನು ಹಿಂದಿನ ವರ್ಷದವರ ಪುಸ್ತಕದಿಂದ ಇಳಿಸಿಕೊಂಡಿರುತ್ತಾರೆ. ಮಕ್ಕಳಿಗೆ ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕೂತು ಮೊಬೈಲು ನೋಡುತ್ತಾರೆ. ತಪ್ಪು ತೋರಿಸಿದರೆ ಮುಖ ಸಿಂಡರಿಸುತ್ತಾರೆ. ಕೊನೆಯ ವಾರ ಮಾತ್ರ ದಪ್ಪ ದಪ್ಪ ದಾಖಲೆ ಪುಸ್ತಕ ಹೊತ್ತುಕೊಂಡು ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ಸಹಿಗೆ ನಿಲ್ಲುತ್ತಾರೆ. ಇದನ್ನೆಲ್ಲ ಈಗಿನ ಕಾಲದವರ ಹಣೆಬರಹ ಎಂದು ತಳ್ಳಿಹಾಕಿ ಸುಮ್ಮನಾಗುವವರೇ ಹೆಚ್ಚು. ಅಷ್ಟಕ್ಕೇ ಬಿಡುವುದು ಸರಿಯಲ್ಲ. ಬೇಜವಾಬ್ದಾರಿ ತೋರಿದ ಪ್ರಶಿಕ್ಷಣಾರ್ಥಿಯದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಪ್ಪು ವರ್ಷ ವರ್ಷವೂ ಅದೇ ರೂಪದಲ್ಲಿ ಮರಳಿ ಬರುತ್ತಿದ್ದರೆ ಅದಕ್ಕೆ ಜಾಗ ಕೊಟ್ಟ ಏರ್ಪಾಡನ್ನೂ ನೋಡಬೇಕು. ಪ್ರಶಿಕ್ಷಣಾರ್ಥಿ ಹೇಗೆ ನಡೆದುಕೊಳ್ಳುತ್ತಾನೆ ಎಂದು ದಿನವೂ ಕಣ್ಣಾರೆ ಕಾಣುವವರು ಮೆಂಟರ್ ಶಿಕ್ಷಕರು. ಅವನು ಪಾಸೋ ಫೇಲೋ ಎಂದು ತೀರ್ಮಾನಿಸುವವರು ಬೇರೆಯವರು. ಕಂಡವರ ಮಾತಿಗೆ ತೂಕವಿಲ್ಲ, ತೂಕವಿರುವವರು ಕಂಡಿಲ್ಲ. ಇದನ್ನು ಸರಿಪಡಿಸದೆ ಮೇಷ್ಟ್ರ ಬೇಸರಕ್ಕೂ ಪರಿಹಾರವಿಲ್ಲ, ಪ್ರಶಿಕ್ಷಣಾರ್ಥಿಗೂ ಉದ್ಧಾರವಿಲ್ಲ.

ತಾಳವಾಡಿಯಂಥ ಕಡೆ ಇಟ್ಟು ನೋಡಿದರೆ ಈ ಸಮಸ್ಯೆಯ ನಿಜವಾದ ಭಾರ ತಿಳಿಯುತ್ತದೆ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಈ ಬೆಟ್ಟದ ಸೀಮೆ ಚಾಮರಾಜನಗರಕ್ಕೆ ಅಂಟಿಕೊಂಡಿದೆ. ಇಲ್ಲಿನವರು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಹಾಸನೂರಿನ ಕಾಡು ದಾಟಿ, ದಿಂಬಂ ಘಾಟಿನ 27 ಹೇರ್‌ಪಿನ್ ತಿರುವು ಇಳಿದು, ಸತ್ಯಮಂಗಲದ ಮೇಲೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಕೂರಬೇಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಆಗಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು, ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. ಮನೆ, ಸಂತೆ, ಹಬ್ಬಗಳಲ್ಲಿ ಕನ್ನಡ, ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ ತಮಿಳು, ಕಾಡಂಚಿನ ಹಾಡಿಗಳಲ್ಲಿ ಸೋಲಿಗರ ಮತ್ತು ಊರಾಳಿಗರ ನುಡಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ, ಅದರಂತೆ ಇಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳೂ ಇವೆ. ಆದರೆ ಈ ಶಾಲೆಗಳಿಗೆ ಬೇಕಾದ ಶಿಕ್ಷಕರು ಎಂಥವರು ನೋಡಿ: ಕನ್ನಡದಲ್ಲಿ ಪಾಠ ಹೇಳಬೇಕು, ತಮಿಳುನಾಡಿನ ಪಠ್ಯಕ್ರಮ ಗೊತ್ತಿರಬೇಕು, ಮೇಲಧಿಕಾರಿಗಳ ಸುತ್ತೋಲೆ ಓದುವಷ್ಟು ತಮಿಳು ಬರಬೇಕು. ಗಡಿಯ ಈಚೆ ಕರ್ನಾಟಕದಲ್ಲಿ ತರಬೇತಿ ಪಡೆದವರಿಗೆ ಕನ್ನಡ ಬರುತ್ತದೆ, ಅವರು ಅಭ್ಯಾಸ ಮಾಡಿರುವುದು ಕರ್ನಾಟಕದ ಪಠ್ಯಪುಸ್ತಕದ ಮೇಲೆ. ಘಾಟಿನ ಕೆಳಗೆ ತರಬೇತಿ ಪಡೆದವರಿಗೆ ಪಠ್ಯಕ್ರಮ ಗೊತ್ತು, ಮಾಧ್ಯಮ ಬೇರೆ. ಎರಡನ್ನೂ ಹೊಂದಿಸಿಕೊಳ್ಳಬೇಕಾದ ಜಾಗ ಇಂಟರ್ನ್‌ಶಿಪ್ ಒಂದೇ. ಅದು ಹಾಳಾದರೆ ಮುಂದೆ ಕಲಿಸಿಕೊಡುವವರು ಯಾರೂ ಇಲ್ಲ.

ಕಾಗದದ ಮೇಲೆ ನಮ್ಮ ನಿಯಮಗಳಿಗೆ ಕೊರತೆಯಿಲ್ಲ. ಒಂದು ವರ್ಷದ ಬಿ.ಎಡ್. ಕಾಲದಲ್ಲಿ 40 ದಿನದ ಬೋಧನಾಭ್ಯಾಸ ಮುಗಿಸಿದರೆ ಸಾಕಾಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರ ನಿಯಮಾವಳಿಯಲ್ಲಿ ಕೋರ್ಸನ್ನು ಎರಡು ವರ್ಷಕ್ಕೆ ಏರಿಸಿ ಶಾಲಾ ಇಂಟರ್ನ್‌ಶಿಪ್ಪನ್ನು 20 ವಾರ ಮಾಡಿತು. ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಉಳಿದ ತರಗತಿಗಳಿಗೆ ಶೇ 80 ಹಾಜರಾತಿ ಸಾಕು, ಇಂಟರ್ನ್‌ಶಿಪ್‌ಗೆ ಶೇ 90 ಬೇಕು. ಇನ್ನು ಕೆಲಸಕ್ಕೆ ಸೇರಿದ ಶಿಕ್ಷಕರ ಕರ್ತವ್ಯಗಳನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪಟ್ಟಿ ಮಾಡುತ್ತದೆ. ಅದರಲ್ಲಿ ಮೊದಲು ಬರುವುದೇ ದಿನವೂ ಹೊತ್ತಿಗೆ ಸರಿಯಾಗಿ ಶಾಲೆಗೆ ಬರುವುದು. ಅಂದರೆ ಮೆಂಟರ್ ಮೇಷ್ಟ್ರು ಹೊತ್ತಿಗೆ ಸರಿಯಾಗಿ ಬಾ ಎಂದು ಗದರಿದರೆ ಅದು ಹಳೇ ಕಾಲದವರ ಗೊಣಗಾಟವಾಗುವುದಿಲ್ಲ, ಕಾನೂನು ಶಿಕ್ಷಕರಿಂದ ಬಯಸುವ ಮೊದಲ ಗುಣವನ್ನೇ ಅವರು ಕಲಿಸುತ್ತಿದ್ದಾರೆ. ನಿಯಮ ಇಷ್ಟು ಗಟ್ಟಿಯಾಗಿದ್ದರೂ ಅದನ್ನು ಪಾಲಿಸಬೇಕಾದ ಕಾಲೇಜುಗಳ ಸ್ಥಿತಿ ಏನು? ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಆ ವರದಿಯನ್ನು ನೆನೆದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆದ ಮಾತು ಕಟುವಾಗಿದೆ: ದೇಶದಲ್ಲಿ ಪ್ರತ್ಯೇಕವಾಗಿ ನಡೆಯುವ 10,000ಕ್ಕೂ ಹೆಚ್ಚು ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ತರಬೇತಿಯ ಗೊಡವೆಗೇ ಹೋಗದೆ ದುಡ್ಡಿಗೆ ಪದವಿ ಮಾರುತ್ತಿವೆ. ಸರ್ಕಾರದ ನೀತಿ ಪತ್ರವೇ ಹೀಗೆ ಒಪ್ಪಿಕೊಂಡ ಮೇಲೆ, ಅಂಥ ಕಾಲೇಜಿನಿಂದ ಬಂದ ಹುಡುಗ ಪಾಠ ಯೋಜನೆ ಇಲ್ಲದೆ ತರಗತಿಗೆ ಕಾಲಿಟ್ಟರೆ ಅಚ್ಚರಿಪಡುವುದಕ್ಕೆ ಏನಿದೆ?

ಕೊನೆಯ ವಾರ ಸಹಿಗೆ ಬರುವ ಆ ದಾಖಲೆ ಪುಸ್ತಕವನ್ನು ಬಿಡಿಸಿ ನೋಡಿದರೆ ಎಲ್ಲವೂ ಅದರಲ್ಲೇ ಕಾಣುತ್ತದೆ. ಪುಟದ ತಲೆಯಲ್ಲಿ ತರಗತಿ, ವಿಷಯ, ಘಟಕ, ಅವಧಿ, ದಿನಾಂಕ. ಕೆಳಗೆ ಪೀಠಿಕೆ, ವಿಷಯ ನಿರೂಪಣೆ, ಕಪ್ಪುಹಲಗೆ ಸಾರಾಂಶ, ಮೌಲ್ಯಮಾಪನ, ಗೃಹಪಾಠ. ದಿನಾಂಕಗಳು ಜುಲೈಯಿಂದ ನವೆಂಬರ್‌ವರೆಗೂ ಹರಡಿಕೊಂಡಿರುತ್ತವೆ, ಅಕ್ಷರವೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ಸಲ ಕೂತು ಬರೆದದ್ದು. ಮೌಲ್ಯಮಾಪನದ ಕಾಲಮ್ಮಿನಲ್ಲಿ ಪಾಠ ಹೇಳುವ ಮೊದಲೇ ‘ವಿದ್ಯಾರ್ಥಿಗಳು ಸರಿಯಾಗಿ ಉತ್ತರಿಸಿದರು’ ಎಂದು ಬರೆದಾಗಿರುತ್ತದೆ. ಸಹಪಾಠಿಯ ಪಾಠ ವೀಕ್ಷಣೆಯ ಪುಟದಲ್ಲಿ ‘ಧ್ವನಿ ಸ್ಪಷ್ಟವಾಗಿತ್ತು, ಬೋಧನೋಪಕರಣ ಸೂಕ್ತವಾಗಿತ್ತು’ ಎಂಬ ಸಾಲು ಹತ್ತು ಪಾಠಕ್ಕೂ ಅದೇ. ‘ಮೇಷ್ಟ್ರೇ, ನಾಳೆ ಸಬ್ಮಿಷನ್ನು, ಒಂಚೂರು ಸೈನ್ ಹಾಕ್ಬಿಡಿ’ ಎಂದು ಬೇಡಿಕೊಂಡಾಗ ಮೇಷ್ಟ್ರು ಎಲ್ಲ ಪುಟಕ್ಕೂ ಕೆಂಪು ಶಾಯಿಯಲ್ಲಿ ‘ತೃಪ್ತಿಕರ’ ಎಂದು ಬರೆದು ಸಹಿ ಮಾಡುತ್ತಾರೆ. ಆ ಹೊತ್ತಿನಲ್ಲಿ ಸುಳ್ಳು ಹೇಳಿದವರು ಇಬ್ಬರು. ಮೊದಲನೆಯವನ ಸುಳ್ಳನ್ನು ನಾವು ಬಯ್ಯುತ್ತೇವೆ, ಎರಡನೆಯವರದು ಕರುಣೆ ಎನ್ನಿಸಿಕೊಳ್ಳುತ್ತದೆ. ಮಕ್ಕಳ ಮಟ್ಟಿಗೆ ಹೆಚ್ಚು ಹಾನಿ ಮಾಡುವುದು ಎರಡನೆಯದು. ಏಕೆಂದರೆ ಆ ಸಹಿಯಿಂದಲೇ ಹುಡುಗ ಮುಂದೆ ಮೂವತ್ತು ವರ್ಷ ಮೇಷ್ಟ್ರಾಗಲು ಅರ್ಹನಾಗುತ್ತಾನೆ.

ಹಾಗಿದ್ದೂ ಏಕೆ ಸಹಿ ಮಾಡುತ್ತಾರೆ? ಇದು ನಮ್ಮವರ ದೌರ್ಬಲ್ಯ ಮಾತ್ರ ಎಂದು ತಿಳಿಯಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಕ್ಯಾಥ್ಲೀನ್ ಡಫಿ ಎಂಬ ಸಂಶೋಧಕಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಕಲಿಸುವ ಮೆಂಟರ್‌ಗಳನ್ನು ಕುರಿತು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಈ ವಿದ್ಯಾರ್ಥಿಯ ಕೈಗೆ ರೋಗಿಯನ್ನು ಒಪ್ಪಿಸಲು ಆಗದು ಎಂಬ ಅನುಮಾನವಿದ್ದರೂ ಮೆಂಟರ್‌ಗಳು ಪಾಸು ಮಾಡಿ ಕಳಿಸುತ್ತಿದ್ದರು. ಕಾರಣಗಳು ನಮಗೂ ಚೆನ್ನಾಗಿ ಪರಿಚಯವಿರುವಂಥವು. ತೊಂದರೆಯನ್ನು ಮೊದಲೇ ಹೇಳಿರಲಿಲ್ಲ, ಕೊನೆಯಲ್ಲಿ ಹೇಳುವುದಕ್ಕೆ ಮನಸ್ಸು ಬರಲಿಲ್ಲ, ವಿದ್ಯಾರ್ಥಿಯ ಮನೆಯ ಕಷ್ಟ ನೋಡಿ ಮರುಕವಾಯಿತು, ಫೇಲು ಮಾಡಿದರೆ ಮುಂದೆ ಏನೇನು ಕಾಗದಪತ್ರ ನಡೆಸಬೇಕೋ ಎಂಬ ಅಂಜಿಕೆ, ಕಾಲೇಜು ತನ್ನ ಮಾತನ್ನು ಎತ್ತಿಹಿಡಿಯುತ್ತದೆಂಬ ನಂಬಿಕೆ ಇಲ್ಲ. ರೋಗಿಯ ಪ್ರಾಣದ ಪ್ರಶ್ನೆ ಇರುವ ಕಡೆಯೇ ಹೀಗಾದರೆ, ಮೂರನೇ ಕ್ಲಾಸಿನ ಮಗುವಿಗೆ ಕಳೆಯುವ ಲೆಕ್ಕ ಬಾರದೆ ಹೋದದ್ದಕ್ಕೆ ಯಾರು ಧೈರ್ಯ ಮಾಡಿಯಾರು? ನಮ್ಮ ಮೇಷ್ಟ್ರುಗಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಮೆಂಟರ್ ಕೆಲಸಕ್ಕೆ ಹೆಚ್ಚಿನವರಿಗೆ ತರಬೇತಿ ಸಿಕ್ಕಿಲ್ಲ, ಅದಕ್ಕೆಂದು ಪೀರಿಯಡ್ ಬಿಡುವಿಲ್ಲ, ಗೌರವಧನದ ಮಾತಂತೂ ದೂರ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಹಾಜರಾತಿ, ಸಮೀಕ್ಷೆ, ಚುನಾವಣೆ ಕೆಲಸಗಳ ನಡುವೆ ಇನ್ನೊಬ್ಬರ ಪಾಠ ನೋಡಿ ತಿದ್ದುವ ಹೊಣೆಯೂ ಅವರ ತಲೆಗೇ ಬೀಳುತ್ತದೆ. ಅಂಕ ಹಾಕುವ ಅಧಿಕಾರ ಮಾತ್ರ ಬಹುಮಟ್ಟಿಗೆ ಕಾಲೇಜಿನದು. ಅಲ್ಲಿಂದ ಬರುವ ಮೇಲ್ವಿಚಾರಕರು ಒಂದೋ ಎರಡೋ ಪಾಠ ನೋಡಿ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ.

ಬೆಟ್ಟದ ಶಾಲೆಯಲ್ಲಿ ಇದರ ಬೆಲೆ ತೆರುವವರು ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಹಾಗಾಗಿ ಚಿಕ್ಕ ಊರುಗಳಲ್ಲಿ ಐದು ತರಗತಿಯನ್ನು ಇಬ್ಬರು ಹಂಚಿಕೊಂಡು, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರಿಸಿಕೊಂಡು ನಡೆಸುತ್ತಾರೆ. ಇಂಥ ಕಡೆ ಒಬ್ಬ ಪ್ರಶಿಕ್ಷಣಾರ್ಥಿ ಬಂದರೆ ನಿಜಕ್ಕೂ ದೊಡ್ಡ ಆಸರೆ. ಸಿದ್ಧತೆ ಇಲ್ಲದವನು ಬಂದರೆ ಇದ್ದದ್ದೂ ಕೆಡುತ್ತದೆ. ಮನೆಯಲ್ಲಿ ಸೋಲಿಗರ ನುಡಿಯಾಡುವ ಮಗು ಪುಸ್ತಕದ ಕನ್ನಡಕ್ಕೆ ಇನ್ನೂ ಹೊಂದಿಕೊಳ್ಳುತ್ತಿರುತ್ತದೆ. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆಯಿಂದಾಗಿ ಒಂದನೇ ತರಗತಿಯಿಂದಲೇ ತಮಿಳೂ ಬಂದು ಸೇರಿದೆ, ಅದರ ಜೊತೆಗೆ ಇಂಗ್ಲಿಷು. ಇಷ್ಟು ನುಡಿಗಳ ನಡುವೆ ನಿಂತ ಮಗುವಿನ ಮುಂದೆ, ಗೈಡಿನಿಂದ ನಕಲು ಮಾಡಿದ ವಾಕ್ಯವನ್ನು ಹಲಗೆಯ ಮೇಲೆ ಬರೆದು ‘ಬರ್ಕೊಳ್ಳಿ’ ಎಂದು ಹೇಳಿ ಕೂತರೆ ಮಗು ಅಕ್ಷರದ ಆಕಾರ ತಿದ್ದುತ್ತದೆ, ಅರ್ಥ ಮಾತ್ರ ದಕ್ಕುವುದಿಲ್ಲ. ಮೊದಲ ವರ್ಷದ ನಾಲ್ಕು ವಾರ ಬಿಟ್ಟರೂ 16 ವಾರವೆಂದರೆ ಶಾಲೆಯ ವರ್ಷದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಇನ್ನೊಂದು ಕಡೆಯಿಂದಲೂ ನೋಡಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಡಾನ್ ಗೋಲ್ಡ್‌ಹೇಬರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಸಮರ್ಥ ಶಿಕ್ಷಕರ ಕೈಕೆಳಗೆ ಪಳಗಿದವರು ಮುಂದೆ ತಮ್ಮ ತರಗತಿಯಲ್ಲೂ, ಮುಖ್ಯವಾಗಿ ಗಣಿತದಲ್ಲಿ, ಹೆಚ್ಚು ಫಲ ಕಂಡರು. ಮೆಂಟರ್ ಯಾರು ಎಂಬುದು ಮುಂದಿನ ಎಷ್ಟೋ ತರಗತಿಗಳ ಮಕ್ಕಳನ್ನು ಮುಟ್ಟುವ ವಿಷಯ.

ಮೆಂಟರ್ ಕಂಡದ್ದಕ್ಕೆ ತೂಕ ಕೊಡಬೇಕು ಎಂದರೆ ಬರುವ ಮೊದಲ ಆಕ್ಷೇಪ ಬೆಟ್ಟದ ಕಷ್ಟ ಬಲ್ಲವರದು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವಿನ ದಾರಿ, ಕಾರಪಳ್ಳ ಚೆಕ್‌ಪೋಸ್ಟಿನ ಹತ್ತಿರ ಕಬ್ಬಿನ ಲಾರಿಗೆ ಅಡ್ಡ ನಿಲ್ಲುವ ಆನೆಗಳು, ಘಾಟಿನಲ್ಲಿ ಲಾರಿ ಕೆಟ್ಟು ನಿಂತರೆ ಗಂಟೆಗಟ್ಟಲೆ ತಡೆ. ಇಂಥಲ್ಲಿ ಒಂಬತ್ತೂವರೆಗೆ ಬಾ ಎಂದು ಹಟ ಹಿಡಿಯುವುದು ನ್ಯಾಯವೇ ಎನ್ನುತ್ತಾರೆ. ಬರುವವರಲ್ಲಿ ಹೆಣ್ಣುಮಕ್ಕಳು ಬಹಳ, ಕೆಲವರಿಗೆ ಮದುವೆಯಾಗಿ ಚಿಕ್ಕ ಮಕ್ಕಳಿರುತ್ತಾರೆ, ಬಸ್ಸಿನ ಖರ್ಚೇ ಭಾರ. ಈ ಮಾತನ್ನು ಮನಸ್ಸಿಟ್ಟು ಕೇಳಬೇಕು. ಆದರೆ ಬಸ್ಸು ತಡವಾಗುವುದಕ್ಕೂ ಬೇಜವಾಬ್ದಾರಿಗೂ ನಂಟಿಲ್ಲ. ಆನೆ ನಿಂತಿದೆ, ಬರುವುದು ತಡವಾಗುತ್ತದೆ, ನನ್ನ ಪೀರಿಯಡ್ಡಿಗೆ ಬೇಕಾದ ಚಿತ್ರಪಟ ಬೀರುವಿನಲ್ಲಿದೆ ಎಂದು ಫೋನು ಮಾಡಿದವಳು ಹನ್ನೊಂದಕ್ಕೆ ಬಂದರೂ ಆಕೆ ಶಿಕ್ಷಕಿಯೇ. ಸುಮ್ಮನಿದ್ದು ಮಧ್ಯಾಹ್ನ ಬಂದು ಹಾಜರಿ ಪುಸ್ತಕದಲ್ಲಿ ಬೆಳಗಿನ ಸಹಿಯನ್ನೂ ಮಾಡಿದವಳು ಊರೊಳಗೇ ಮನೆ ಮಾಡಿಕೊಂಡಿದ್ದರೂ ಶಿಕ್ಷಕಿಯಾಗಿಲ್ಲ. ವೃತ್ತಿಯ ಶಿಸ್ತನ್ನು ಹೀಗೆ ಕಣ್ಣಿಗೆ ಕಾಣುವ ನಡತೆಯಲ್ಲಿ ಹಿಡಿದಿಟ್ಟರೆ, ಸ್ವಭಾವಕ್ಕೆ ಅಂಕ ಹಾಕುವುದು ಹೇಗೆ ಎಂಬ ಇನ್ನೊಂದು ತಕರಾರೂ ಬಿದ್ದುಹೋಗುತ್ತದೆ. ಬಾರದ ದಿನ ತಿಳಿಸಿದನೇ? ಪಾಠ ಯೋಜನೆ ಹಿಂದಿನ ದಿನ ತೋರಿಸಿದನೇ? ಹೇಳಿದ ತಿದ್ದುಪಡಿ ಮುಂದಿನ ಪಾಠದಲ್ಲಿ ಕಂಡಿತೇ? ಮಗುವಿನ ಮೇಲೆ ಕೈ ಎತ್ತಿದನೇ? ಇವಕ್ಕೆ ಹೌದು, ಇಲ್ಲ ಎಂದು ಬರೆಯಲು ಯಾರ ಮನಸ್ಸಿನೊಳಕ್ಕೂ ಇಣುಕಬೇಕಾಗಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು, ನನಗೆ ಹೆಚ್ಚು ನೋವಿನದೂ ಹೌದು. ಕೆಲಸವೇ ಸಿಗದ ವೃತ್ತಿಗೆ ಯಾರು ತಾನೇ ಶ್ರದ್ಧೆಯಿಂದ ತಯಾರಾಗುತ್ತಾರೆ ಎಂಬ ಪ್ರಶ್ನೆ ಅದು. ತಮಿಳುನಾಡಿನ ಸರ್ಕಾರಿ ನೇಮಕಾತಿಯಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರಿಗೆ 2010ರ ಕಾಯ್ದೆಯಂತೆ ಶೇ 20 ಆದ್ಯತೆ ಇದೆ. 2021ರ ಡಿಸೆಂಬರಿನ ಆದೇಶದಿಂದ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಪಾಸಾಗಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ತಾಳವಾಡಿಯ ಹುಡುಗಿಗೆ ಅಲ್ಲಿ ದಾರಿ ಇಕ್ಕಟ್ಟು, ಕರ್ನಾಟಕದಲ್ಲಿ ಆಕೆ ಹೊರ ರಾಜ್ಯದವಳು. ಎಲ್ಲಿಯೂ ಸಲ್ಲದ ಈ ಸ್ಥಿತಿಯಲ್ಲಿ ಡಿ.ಇಎಲ್.ಇಡಿ. ಎನ್ನುವುದು ಮದುವೆಗೆ ಮುಂಚೆ ಕೈಯಲ್ಲಿರಲಿ ಎಂದು ಮಾಡಿಟ್ಟುಕೊಳ್ಳುವ ಸರ್ಟಿಫಿಕೇಟಾಗುವುದು ಸಹಜ. ಈ ಕಾರಣವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ, ಆದದ್ದಾಗಲಿ, ಬಂದವರನ್ನೆಲ್ಲ ಪಾಸು ಮಾಡಿ ಎಂಬ ತೀರ್ಮಾನಕ್ಕೆ ಹೋಗಲಾಗದು. ಕಾಸರಗೋಡಿನವರು ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಬೀದಿಗಿಳಿದು ಪ್ರತಿಭಟಿಸಿದ್ದಾರೆ. ಅವರ ವಾದದ ತಿರುಳು, ಮಗುವಿಗೆ ಅರ್ಥವಾಗುವಂತೆ ಕಲಿಸಬಲ್ಲವರು ಬೇಕು ಎಂಬುದು. ನಮ್ಮ ಭಾಷೆಯವನೆಂಬ ಒಂದೇ ಕಾರಣಕ್ಕೆ ಪಾಠದ ಸಿದ್ಧತೆ ಇಲ್ಲದವನನ್ನು ನಾವೇ ಒಪ್ಪಿಕೊಂಡರೆ ಆ ವಾದದ ಬಲ ಉಳಿಯುವುದಿಲ್ಲ. ಗಡಿಯ ಕನ್ನಡ ಶಾಲೆಗೆ ಮಕ್ಕಳು ಬರುವುದು ಅಲ್ಲಿ ಕಲಿಕೆ ಚೆನ್ನಾಗಿ ನಡೆದರೆ ಮಾತ್ರ. ಇಲ್ಲದಿದ್ದರೆ ಅಪ್ಪ ಅಮ್ಮಂದಿರು ಇಂಗ್ಲಿಷ್ ಮಾಧ್ಯಮದ ವ್ಯಾನು ಹತ್ತಿಸುತ್ತಾರೆ.

ಮೆಂಟರ್‌ಗಳ ಕೈಗೇ ಅಧಿಕಾರ ಕೊಟ್ಟರೆ ಅದನ್ನು ಅವರು ದುರುಪಯೋಗ ಮಾಡಿಕೊಳ್ಳುವುದಿಲ್ಲವೇ? ಈ ಅನುಮಾನಕ್ಕೆ ಆಧಾರವಿದೆ. ಪ್ರಶಿಕ್ಷಣಾರ್ಥಿಯನ್ನು ತರಗತಿಗೆ ತಳ್ಳಿ ತಾವು ಆಫೀಸಿನಲ್ಲಿ ಕೂರುವವರಿದ್ದಾರೆ. ದಾಖಲಾತಿ ಪುಸ್ತಕ ಬರೆಸುವುದು, ಅಂಕಪಟ್ಟಿ ತುಂಬಿಸುವುದು, ಚಹಾ ತರಿಸುವುದೇ ತರಬೇತಿ ಎಂದುಕೊಂಡವರಿದ್ದಾರೆ. ಜಾತಿ ನೋಡಿ, ಹೆಣ್ಣು ಗಂಡು ನೋಡಿ ನಡೆಸಿಕೊಳ್ಳುವವರಿಲ್ಲ ಎನ್ನಲಾಗದು. ತಾವೇ ತಡವಾಗಿ ಬರುವ ಮೇಷ್ಟ್ರು ಹೊತ್ತಿನ ಬಗ್ಗೆ ಹೇಳಿದರೆ ಯಾರು ಕೇಳುತ್ತಾರೆ? ಹೀಗಾಗಿ ಮೆಂಟರ್ ಮಾತೇ ಕೊನೆಯ ಮಾತಾಗಲಿ ಎಂದು ನಾನು ಹೇಳುವುದಿಲ್ಲ. ಅವರ ಮಾತು ಲಿಖಿತವಾಗಿರಬೇಕು, ಪ್ರಶಿಕ್ಷಣಾರ್ಥಿ ಅದನ್ನು ಓದಿ ಉತ್ತರ ಬರೆಯುವ ಅವಕಾಶ ಇರಬೇಕು, ಕಾಲೇಜು ಅದನ್ನು ತಳ್ಳಿಹಾಕುವುದಾದರೆ ಕಾರಣ ಕೊಡಬೇಕು. ಮೆಂಟರ್ ಆಗುವವರನ್ನು ಸೇವಾ ಹಿರಿತನದಿಂದ ಎತ್ತಿಕೊಳ್ಳದೆ ಅವರ ಪಾಠ ನೋಡಿ ಆರಿಸಬೇಕು. ಇಂಗ್ಲೆಂಡು 2016ರಲ್ಲಿ ಮೆಂಟರ್‌ಗಳಿಗೆಂದೇ ರಾಷ್ಟ್ರೀಯ ಮಾನದಂಡ ರೂಪಿಸಿತು. ನಮ್ಮಲ್ಲೂ ಎನ್‌ಸಿಟಿಇ 2022ರ ಜುಲೈಯಲ್ಲಿ ರಾಷ್ಟ್ರೀಯ ಮೆಂಟರಿಂಗ್ ಮಿಷನ್ನನ್ನು ಪ್ರಾಯೋಗಿಕವಾಗಿ ಶುರು ಮಾಡಿತು, ಆದರೆ ಕೇಂದ್ರೀಯ ವಿದ್ಯಾಲಯ, ನವೋದಯದಂಥ ಶಾಲೆಗಳಲ್ಲಿ. ಬೆಟ್ಟದ ಎರಡು ಕೋಣೆಯ ಶಾಲೆಯ ಮೇಷ್ಟ್ರಿಗೆ ಅದರ ಗಾಳಿಯೂ ಸೋಕಿಲ್ಲ.

ಮೆಂಟರ್ ಮಾತಿಗೆ ಬೆಲೆ ಕೊಡುವ ಏರ್ಪಾಡು ಕನಸಿನದೇನಲ್ಲ. ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಹೌಸ್ ಸರ್ಜನ್ನಾಗಿ ದುಡಿಯಬೇಕು. ಕೆಲಸ ಮಾಡಿದ ವಿಭಾಗದವರು ಒಪ್ಪದಿದ್ದರೆ ಅವಧಿ ಮುಂದಕ್ಕೆ ಹೋಗುತ್ತದೆ, ಪೂರ್ಣಗೊಳ್ಳದೆ ವೈದ್ಯಕೀಯ ಪರಿಷತ್ತಿನಲ್ಲಿ ಕಾಯಂ ನೋಂದಣಿ ಇಲ್ಲ. ಫಿನ್ಲೆಂಡಿನಲ್ಲಿ 1863ರಲ್ಲಿ ಯ್ಯುವಾಸ್ಕ್ಯುಲಾ ಊರಿನಲ್ಲಿ ಮೊದಲ ಶಿಕ್ಷಕ ತರಬೇತಿ ಸಂಸ್ಥೆ ತೆರೆದ ಕಾಲದಿಂದ ಅಭ್ಯಾಸ ಶಾಲೆಗಳ ಪರಂಪರೆ ಬೆಳೆದು, ಇವತ್ತು ವಿಶ್ವವಿದ್ಯಾಲಯಗಳೇ ಅಂಥ ಶಾಲೆ ನಡೆಸುತ್ತವೆ. ಅಲ್ಲಿನ ಶಿಕ್ಷಕರಿಗೆ ಮಕ್ಕಳಿಗೆ ಕಲಿಸುವುದರ ಜೊತೆಗೆ ಪ್ರಶಿಕ್ಷಣಾರ್ಥಿಗೆ ಕಲಿಸುವುದೂ ನೇಮಕದ ಕರಾರಿನಲ್ಲೇ ಇರುವ ಕೆಲಸ. ಅಷ್ಟು ದೂರ ಏಕೆ, ಮೈಸೂರಿನಲ್ಲೇ 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಅದರ ಆವರಣದೊಳಗೇ ಡೆಮಾನ್‌ಸ್ಟ್ರೇಷನ್ ಶಾಲೆ ಇದೆ, ನಾಲ್ಕು ವರ್ಷದ ಶಿಕ್ಷಕ ಪದವಿ ಓದುವವರು ಆ ಶಾಲೆಯ ಜೊತೆಗೇ ಬೆಳೆಯುತ್ತಾರೆ. ಆ ಸಂಸ್ಥೆಯ ವ್ಯಾಪ್ತಿ ಕರ್ನಾಟಕ, ತಮಿಳುನಾಡು, ಕೇರಳ ಮೂರಕ್ಕೂ ಇದೆ ಎಂಬುದು ತಾಳವಾಡಿ, ಕಾಸರಗೋಡುಗಳ ಮಟ್ಟಿಗೆ ಬಹಳ ಮುಖ್ಯ. ಇಂಥ ನಂಟು ಬೇಕೆಂಬುದು ಹೊಸ ಮಾತೂ ಅಲ್ಲ: ತರಬೇತಿ ಸಂಸ್ಥೆಗಳು ಶಾಲೆಗಳಿಂದ ದೂರ ಉಳಿದಿವೆ ಎಂದು ಕೊಠಾರಿ ಆಯೋಗ 1966ರಲ್ಲೇ ಎಚ್ಚರಿಸಿತ್ತು.

ಹಾಗಾದರೆ ತಾಳವಾಡಿಯಲ್ಲಿ ಏನು ಮಾಡಬಹುದು? ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಘಾಟಿನ ಕೆಳಗೆ ಪೆರುಂದುರೈಯಲ್ಲಿ ಒಂದಿದೆ, ಗಡಿಯ ಈಚೆ ಚಾಮರಾಜನಗರಕ್ಕೆ ಒಂದಿದೆ. ಎರಡೂ ಕೂಡಿ ಬೆಟ್ಟದ ಕನ್ನಡ ಶಾಲೆಗಳಲ್ಲಿ ಚೆನ್ನಾಗಿ ಪಾಠ ಹೇಳುವ ಕೆಲವೇ ಶಿಕ್ಷಕರನ್ನು ಆರಿಸಿ, ಮೈಸೂರಿನ ಸಂಸ್ಥೆಯಲ್ಲಿ ಅವರಿಗೆ ಮೆಂಟರ್ ತರಬೇತಿ ಕೊಡಿಸಬಹುದು. ಅವರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡಲಿ, ಸಣ್ಣದಾದರೂ ಒಂದು ಗೌರವಧನ ಇರಲಿ. ಪ್ರಶಿಕ್ಷಣಾರ್ಥಿಗಳಿಗೆ ಬಸ್ ಪಾಸು ಮತ್ತು ಹೆಣ್ಣುಮಕ್ಕಳಿಗೆ ವಸತಿ ನಿಲಯಗಳಲ್ಲಿ ಉಳಿಯಲು ವ್ಯವಸ್ಥೆ ಆಗಲಿ. ಅದನ್ನು ಮಾಡದೆ ಹೊತ್ತಿಗೆ ಸರಿಯಾಗಿ ಬಾ ಎನ್ನುವ ಹಕ್ಕು ಇಲಾಖೆಗೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಎರಡನೆಯ ವರ್ಷದ 16 ವಾರದಲ್ಲಿ ನಾಲ್ಕನೆಯ ವಾರ ಮುಗಿಯುವಾಗಲೇ ಮೆಂಟರ್ ಒಂದು ಪುಟದ ವರದಿ ಬರೆದು ಪ್ರಶಿಕ್ಷಣಾರ್ಥಿಯ ಮುಂದೆ ಓದಿ ಹೇಳುವುದು. ಡಫಿ ಕಂಡ ದೊಡ್ಡ ತೊಡಕೇ ತಡವಾಗಿ ಹೇಳುವುದು. ಕೊನೆಯ ವಾರ ಕೇಳಿದ ತಪ್ಪಿಗೆ ತಿದ್ದಿಕೊಳ್ಳಲು ಸಮಯವಿಲ್ಲ, ನಾಲ್ಕನೆಯ ವಾರ ಕೇಳಿದರೆ ಇನ್ನೂ ಹನ್ನೆರಡು ವಾರ ಕೈಯಲ್ಲಿದೆ. ಆ ವರದಿಯ ಪ್ರತಿ ಕಾಲೇಜಿಗೆ ಹೋಗಿ, ಹದಿನೈದು ದಿನದೊಳಗೆ ಅಲ್ಲಿಂದ ಒಬ್ಬರು ಶಾಲೆಗೆ ಬಂದು ಕೂತು ಮಾತಾಡಬೇಕು. ಎಂಟನೆಯ ವಾರ ಬರೆಯುವ ಎರಡನೆಯ ವರದಿಯಲ್ಲೂ ಅದೇ ದೂರು ಉಳಿದರೆ ಇಂಟರ್ನ್‌ಶಿಪ್ ಮತ್ತೆ ಮಾಡಬೇಕಾಗುತ್ತದೆ ಎಂದು ಪ್ರವೇಶದ ದಿನವೇ ಎಲ್ಲರಿಗೂ ಕನ್ನಡದಲ್ಲೂ ತಮಿಳಿನಲ್ಲೂ ಬರೆದು ಕೊಟ್ಟಿರಬೇಕು.